ನಮ್ಮೂರಿಗೆ ಕಳ್ಳರನ್ನು ತಂದ ಚಿಕ್ಕಪ್ಪ

ನಂಜನಗೂಡಿಗೆ ಕಳ್ಳರನ್ನು ತಂದವರು ನಮ್ಮ ಚಿಕ್ಕಪ್ಪ! ಇದು ನನ್ನ ಮಾತಲ್ಲ, ಊರಿಗೆ ಊರೇ ಹೇಳಿದ ಮಾತು. ಅವರು ಬರುವ ಮುಂಚೆ ನಮ್ಮೂರಲ್ಲಿ ಕಳ್ಳತನವೆಂಬ ಪದಾರ್ಥವೇ ಇರಲಿಲ್ಲ. ಅವರು ಬಂದ ವರ್ಷವೇ ಸರ್ಕಾರದ ಲೆಕ್ಕದಲ್ಲಿ ನಂಜನಗೂಡು ಅರಮನೆಯಿರುವ ಮೈಸೂರನ್ನೂ ಹಿಂದೆ ಹಾಕಿಬಿಟ್ಟಿತು. ಕುಳ್ಳಗಿನ, ಬೋಳುತಲೆಯ, ಮಜ್ಜಿಗೆಗೆ ಇಂಗು ಹೆಚ್ಚಾದರೆ ತೇಗುತ್ತ ಕೂರುವ ಒಬ್ಬ ಮನುಷ್ಯ ಅಷ್ಟೊಂದು ಕಳ್ಳರನ್ನು ಎಲ್ಲಿಂದ ಹೇರಿಕೊಂಡು ಬಂದರು ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. "ರೈಲಲ್ಲಿ ಕಣಮ್ಮ. ಟಿಕೀಟು ನಾನೇ ತೆಗೆಸಿದೆ" ಅಂದಿದ್ದರು.

ಚಿಕ್ಕಪ್ಪ ಪೊಲೀಸ್ ಇನ್ಸ್‌ಪೆಕ್ಟರು. ಮಹಾರಾಜರ ಕಾಲದ ಇನ್ಸ್‌ಪೆಕ್ಟರು ಅಂದರೆ ಸಾಮಾನ್ಯವೇ? ಬೀದಿಯಲ್ಲಿ ಬೂಟಿನ ಸದ್ದು ಕೇಳಿದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ನಮ್ಮ ಚಿಕ್ಕಪ್ಪನ ಬೂಟು ಮಾತ್ರ ಸದ್ದು ಮಾಡುತ್ತಿರಲಿಲ್ಲ. ಅದು ಕಾಲು ಕಚ್ಚುತ್ತದೆಂದು ಅವರು ಅದನ್ನು ದಫೇದಾರನ ಕೈಗೆ ಕೊಟ್ಟು ತಾವು ಬರಿಗಾಲಲ್ಲಿ ನಡೆಯುತ್ತಿದ್ದರು. ಅವರನ್ನು ಕಂಡರೆ ಮಕ್ಕಳು ಹೆದರುವುದಿರಲಿ, ಬುಗುರಿ ಕಳೆದುಹೋಯಿತೆಂದು ದೂರು ಹೇಳಲು ಓಡಿಬರುತ್ತಿದ್ದವು. ಅವರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಯಾರದ್ದೇ ಏನೇ ಹೋಗಲಿ, ಅದನ್ನು ಬರೆದುಕೊಳ್ಳಬೇಕು. ಇದೊಂದು ಹುಚ್ಚು ಬಿಟ್ಟರೆ ಬೇರೆ ಯಾವ ಚಟವೂ ಅವರಿಗಿರಲಿಲ್ಲ. ಆ ದಿನಗಳಲ್ಲಿ ದೂರು ಕೊಡಲು ಹೋದವನನ್ನು "ಎಲ್ಲೋ ಇಟ್ಟು ಮರ್ತಿದ್ದೀಯ, ಹೋಗಿ ಹುಡುಕು" ಅಂತ ಅಟ್ಟುವುದೇ ವಾಡಿಕೆ. ಚಿಕ್ಕಪ್ಪ ಮಾತ್ರ ಬಂದವರಿಗೆ ಮಣೆ ಹಾಕಿ, ನೀರು ಕೊಟ್ಟು, "ನಿಧಾನವಾಗಿ ಜ್ಞಾಪಿಸಿಕೊಳ್ಳಿ, ಇನ್ನೇನಾದರೂ ಹೋಗಿದೆಯಾ?" ಅಂತ ಕೇಳುತ್ತಿದ್ದರು.

ಅವರು ಮೊದಲು ತಿರುಮಕೂಡಲು ನರಸೀಪುರದಲ್ಲಿದ್ದರು. ತಂದೆಯಿಲ್ಲದ ನಾನು ಅವರ ಮನೆಯಲ್ಲೇ ಬೆಳೆದೆ. ಒಂದು ದಿನ ಒಬ್ಬಳು ಮುದುಕಿ ಠಾಣೆಗೆ ಬಂದು, "ಮಾಡಿನ ಮ್ಯಾಗಿದ್ದ ಸೋರೆಕಾಯಿ ಕುಯ್ಕಂಡ್ ಓದ್ರು ಸಾ, ಬಿತ್ತಕ್ಕೆ ಅಂತ ಬುಟ್ಟಿದ್ದೆ" ಅಂತ ಅತ್ತಳಂತೆ. ಚಿಕ್ಕಪ್ಪ ಬರೆದುಕೊಂಡರು. ಬರೆದುಕೊಂಡು ಸುಮ್ಮನಾದರೇ? ಬಿಸಿಲಲ್ಲಿ ಅವಳ ಗುಡಿಸಲಿಗೆ ಹೋಗಿ, ಮಾಡು ಹತ್ತಿ, ಕೊಯ್ದ ತೊಟ್ಟು ನೋಡಿ, ಹಸಿದು ಮನೆಗೆ ಬಂದರು. ಚಿಕ್ಕಮ್ಮ ಅನ್ನಕ್ಕೆ ಹುಳಿ ಬಡಿಸಿದರು. ಚಿಕ್ಕಪ್ಪ ಚಪ್ಪರಿಸಿ ಉಂಡು, ಇನ್ನೊಂದು ಸಲ ಹಾಕಿಸಿಕೊಂಡು, ಆಮೇಲೆ ಕೇಳಿದರು, "ಇದೇನು ತರಕಾರಿ?"

"ಸೋರೆಕಾಯಿ. ಬೆಳಿಗ್ಗೆ ಬಾಗಿಲಿಗೆ ಯಾರೋ ತಂದಿದ್ದ. ಒಂದು ಬೊಗಸೆ ರಾಗಿ ಕೊಟ್ಟು ತಗೊಂಡೆ."

ಚಿಕ್ಕಪ್ಪ ಕೈತೊಳೆದು ನೇರ ಠಾಣೆಗೆ ಹೋಗಿ ಬರೆದರು: 'ಮಾಲು ಪತ್ತೆಯಾದ ಸ್ಥಳ, ಇನ್ಸ್‌ಪೆಕ್ಟರ ಹೊಟ್ಟೆ.' ವಿಷಯ ತಿಳಿದ ಚಿಕ್ಕಮ್ಮ "ಅಯ್ಯೋ, ನಮ್ಮ ಮಾನ ಹೋಯ್ತಲ್ರೀ!" ಅಂತ ತಲೆ ಚಚ್ಚಿಕೊಂಡರು. ಚಿಕ್ಕಪ್ಪ ಸೀಸದಕಡ್ಡಿ ಹೊರತೆಗೆದು ಕೇಳಿದರು, "ಯಾವಾಗ ಹೋಯ್ತು? ಯಾರ ಮೇಲಾದ್ರೂ ಅನುಮಾನ ಇದೆಯಾ?"

ಹೀಗೆ ಸೋರೆಕಾಯಿ, ಹಗ್ಗ, ಕೋಳಿಮೊಟ್ಟೆ ಎಲ್ಲ ಸೇರಿ ನರಸೀಪುರದ ಅಪರಾಧದ ಲೆಕ್ಕ ಬೆಳೆಯಿತು. ಮೇಲಿನವರಿಗೆ ಸಿಟ್ಟು ಬಂತು. "ನಂಜನಗೂಡಿನಲ್ಲಿ ಕಳವೇ ಆಗುವುದಿಲ್ಲ, ಅಲ್ಲಿ ಏನು ಬರೆಯುತ್ತಾನೋ ನೋಡೋಣ" ಅಂತ ಅಲ್ಲಿಗೆ ವರ್ಗ ಮಾಡಿದರು. ಅಷ್ಟು ಹೊತ್ತಿಗೆ ನಾನೂ ಮದುವೆಯಾಗಿ ನಂಜನಗೂಡಿಗೇ ಬಂದಿದ್ದೆ. ನಮ್ಮ ಯಜಮಾನರದು ಬೆಲ್ಲ ಕೊಬ್ಬರಿಯ ಅಂಗಡಿ. ಮನೆಯಲ್ಲಿ ನಾವಿಬ್ಬರು, ತೊಟ್ಟಿಲಲ್ಲಿ ಮಗಳು, ಮತ್ತು ನಮ್ಮತ್ತೆ.

ನಮ್ಮತ್ತೆಯನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ಬೀಗರ ಎದುರು ಹೆಂಗಸರು ಬಾಯಿ ಬಿಟ್ಟು ಮಾತಾಡಬಾರದು ಅನ್ನುವ ಕಾಲ ಅದು. ಹಾಗೆಂದು ಅತ್ತೆಯಂಥವರು ಸುಮ್ಮನಿರಲು ಆಗುತ್ತದೆಯೇ? ಅವರು ಅಡುಗೆಮನೆಯ ಬಾಗಿಲಲ್ಲಿ ಕುಳಿತು ನಡುಮನೆಯ ಕಂಬದ ಜೊತೆ ಮಾತಾಡುತ್ತಿದ್ದರು. ಕಂಬಕ್ಕೆ ಹೇಳಿದ್ದನ್ನು ನಾನು ಚಿಕ್ಕಪ್ಪನಿಗೆ ಮುಟ್ಟಿಸಬೇಕು. ಚಿಕ್ಕಪ್ಪ ಕೂತಿರುವುದು ಕಂಬಕ್ಕೆ ಒರಗಿಕೊಂಡೇ!

"ಅವರ್ಗೆ ಯೋಳವ್ವ, ನಮ್ಮೂರ್ಲಿ ನಂಜುಂಡಪ್ಪ ಅವ್ನೆ. ಕಳ್ಳ್ರು ವೊಳೆ ದಾಟಕ್ಕಿಲ್ಲ."

"ಚಿಕ್ಕಪ್ಪ, ಕಳ್ಳರು ಹೊಳೆ ದಾಟಲ್ಲವಂತೆ."

"ಈಜು ಬರೋ ಕಳ್ಳರೂ ಇರ್ತಾರೆ ಅಂತ ಕಂಬಕ್ಕೆ ಹೇಳಮ್ಮ."

ಊರಿನ ಬಗ್ಗೆ ಅತ್ತೆಗೆ ಅಷ್ಟು ಅಭಿಮಾನ. ದೇವರ ಹೆಸರು ಎತ್ತದೆ ಅವರ ಮಾತು ಮುಗಿಯುತ್ತಿರಲಿಲ್ಲ. ಆದರೆ ಸೋಮವಾರ ನನ್ನನ್ನು ಗುಡಿಗೆ ಕರೆದುಕೊಂಡು ಹೋದರೆ ತಾವು ಮಹಾದ್ವಾರದ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೇ ತಲೆ ತಗ್ಗಿಸಿ ಕೈಮುಗಿದು ನಿಲ್ಲುತ್ತಿದ್ದರು. ಮಂಡಿನೋವು ಇರಬೇಕೆಂದು ನಾನು ತಿಳಿದಿದ್ದೆ. ಇನ್ನೊಂದು ಸಂಗತಿ: ಮಗಳ ನಾಮಕರಣಕ್ಕೆ ಚಿಕ್ಕಪ್ಪ ಬೆಳ್ಳಿಯ ಕಾಲಗೆಜ್ಜೆ ಮಾಡಿಸಿ ತಂದರು. ಅತ್ತೆ ತಟ್ಟೆಯನ್ನೇ ಹಿಂದಕ್ಕೆ ತಳ್ಳಿದರು. "ಈ ಮನೇಲಿ ಮಕ್ಕಳ್ಗೆ ಗೆಜ್ಜೆ ಆಕಕ್ಕಿಲ್ಲ ಅಂತ ಯೋಳವ್ವ." ಬಂದ ನೆಂಟರೆಲ್ಲ ಬೆಪ್ಪಾದರು. ಚಿಕ್ಕಪ್ಪನ ಮುಖ ಸಣ್ಣದಾಯಿತು. ನನಗೆ ಅಳು ಬಂತು. ಗೆಜ್ಜೆಯನ್ನು ನನ್ನ ಪೆಟ್ಟಿಗೆಯ ತಳದಲ್ಲಿಟ್ಟೆ. ಯಜಮಾನರನ್ನು ಕೇಳಿದರೆ, "ಮೈಸೂರಿನ ಅಕ್ಕನಿಗಿಂತ ದೊಡ್ಡೋಳು ಒಬ್ಬಳು ಇದ್ದಳಂತೆ, ಮಗುವಾಗಿದ್ದಾಗಲೇ ಹೋದಳಂತೆ. ಅವ್ವ ಆ ಮಾತೇ ಆಡಲ್ಲ" ಅಂದು ಅಂಗಡಿಗೆ ಹೋದರು.

ಚಿಕ್ಕಪ್ಪನ ಕಥೆಗೆ ಬರೋಣ. ನಂಜನಗೂಡಿನ ಠಾಣೆಯಲ್ಲಿ ಅವರು ದಿನವೂ ಮಣೆ ಹಾಕಿ, ನೀರಿನ ಬಿಂದಿಗೆ ತುಂಬಿಸಿ ಕಾದರು. ಒಬ್ಬನೂ ಬರಲಿಲ್ಲ. ದೂರಿಲ್ಲದೆ ಊಟ ಸೇರದೆ ಸೊರಗಿದರು. ಕೊನೆಗೊಂದು ದಿನ ಪಂಚೆ ಉಟ್ಟು, ವಿಭೂತಿ ಧರಿಸಿ, ಯಾತ್ರಿಕರ ಹಾಗೆ ಹೊಳೆಗೆ ಹೋದರು. ತಾಮ್ರದ ಚೊಂಬನ್ನು ಮೆಟ್ಟಿಲ ಮೇಲಿಟ್ಟು ಕಪಿಲೆಯಲ್ಲಿ ಮುಳುಗು ಹಾಕಿ ಎದ್ದರೆ ಚೊಂಬಿಲ್ಲ! ಪಕ್ಕದಲ್ಲಿ ಪಂಚೆ ಹಿಂಡುತ್ತಿದ್ದವನು ಸಮಾಧಾನ ಹೇಳಿದನಂತೆ: "ಏನೋ ಅರಕೆ ಮರ್ತಿದ್ದೀರಿ ಸಾಮಿ. ಅದ್ಕೇ ನಂಜುಂಡಪ್ಪನೇ ತಕ್ಕಂಡವ್ನೆ. ಓಗಿ ತಪ್ಪುಕಾಣ್ಕೆ ಆಕ್ಬುಡಿ."

ಇದೇ ನೋಡಿ ನಮ್ಮೂರಿನ ಗುಟ್ಟು! ಹೊಳೆದಂಡೆಯಲ್ಲಿ ಏನಾದರೂ ಹೋದರೆ ಅದು ಕಳವಲ್ಲ, ವಸೂಲಿ. ಎಂದೋ ಹೊತ್ತ ಹರಕೆಯನ್ನು ನೀವು ಮರೆತಿರುತ್ತೀರಿ, ದೇವರು ತಾನೇ ಬಂದು ತೆಗೆದುಕೊಳ್ಳುತ್ತಾನೆ. ಹರಕೆ ಜ್ಞಾಪಕಕ್ಕೆ ಬರದಿದ್ದರೆ ತಪ್ಪು ಇನ್ನೂ ದೊಡ್ಡದು. ಹಾಗಾಗಿ ಕಳೆದುಕೊಂಡವರು ಠಾಣೆಗೆ ಹೋಗುವ ಬದಲು ಗುಡಿಗೆ ಹೋಗಿ ಕೆನ್ನೆ ಬಡಿದುಕೊಂಡು ತಪ್ಪುಕಾಣಿಕೆ ಹಾಕುತ್ತಿದ್ದರು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ?

ಚಿಕ್ಕಪ್ಪ ಒದ್ದೆ ಪಂಚೆಯಲ್ಲೇ "ಕಳ್ಳತನ ಆಯ್ತು! ಕಳ್ಳತನ ಆಯ್ತು!" ಅಂತ ಗಂಡುಮಗು ಹುಟ್ಟಿದವರ ಹಾಗೆ ಹಿಗ್ಗುತ್ತ ಠಾಣೆಗೆ ಓಡಿಬಂದರು. ಮೇಜಿನ ಈಚೆ ನಿಂತು ತಮ್ಮ ಚೊಂಬು ಹೋದದ್ದನ್ನು ಹೇಳಿದರು. ಆಮೇಲೆ ಮೇಜಿನ ಆಚೆ ಹೋಗಿ ಕುರ್ಚಿಯಲ್ಲಿ ಕುಳಿತು ಬರೆದುಕೊಂಡರು. "ಹೆಸರು?" ಅಂತ ಆಚೆಯಿಂದ ಕೇಳಿ, ಎದ್ದು ಈಚೆ ಬಂದು ಉತ್ತರ ಕೊಟ್ಟರಂತೆ. ದಫೇದಾರ ನಗು ತಡೆಯಲಾರದೆ ಹೊರಗೆ ಓಡಿದ.

ಮಾರನೆಯ ದಿನ ಹೊಳೆದಂಡೆಯಲ್ಲಿ ತಮಟೆ. "ಏನಾದ್ರೂ ಕಳೆದ್ರೆ ದೇವ್ರ ಮ್ಯಾಲೆ ಆಕ್ಬ್ಯಾಡಿ, ಠಾಣೆಗ್ ಬಂದು ಯೋಳಿ!" ಮೊದಲು ಸಿಕ್ಕಿದವನು ದೇವನೂರಿನ ಒಬ್ಬ ರೈತ. ಅವನ ಕಂಬಳಿ ಹೋಗಿತ್ತು.

"ಕಳ್ಳತನ ಅಲ್ಲ ಸಾ. ನಂಜುಂಡಪ್ಪ ತಕ್ಕಂಡವ್ನೆ."

"ಮೂರು ಲೋಕ ಆಳೋನಿಗೆ ನಿನ್ನ ಹರಕಲು ಕಂಬಳಿ ಯಾತಕ್ಕಯ್ಯಾ?"

ರೈತ ಯೋಚಿಸಿದ. "ವೊಳೆದಂಡೆ ಅಲ್ವ ಸಾ, ಚಳಿ ಆಗಿತ್ತೇನೋ!"

ಅವನನ್ನು ಒಪ್ಪಿಸಿ ಬರೆಸಿಕೊಳ್ಳುವಷ್ಟರಲ್ಲಿ ಚಿಕ್ಕಪ್ಪನಿಗೆ ಸಾಕುಸಾಕಾಯಿತು. ಆದರೆ ಒಬ್ಬನ ಹಿಂದೆ ಇನ್ನೊಬ್ಬ ಬಂದ. ತಾಂಡವಪುರದವನ ಪಂಚೆ, ತಲಕಾಡಿನ ಕಡೆಯವರ ಬುತ್ತಿಗಂಟು, ಯಾರದ್ದೋ ಕೊಡೆ. ಎಲ್ಲವೂ ಬರೆಯಲ್ಪಟ್ಟವು. ವರ್ಷದ ಕೊನೆಗೆ ಲೆಕ್ಕ ಹೊರಬಿದ್ದಾಗ ನಮ್ಮೂರು ಮೈಸೂರಿಗಿಂತ ಮುಂದೆ!

ಆ ಸುದ್ದಿ ತಂದವರು ನಮ್ಮ ಯಜಮಾನರ ಅಕ್ಕನ ಗಂಡ, ಮೈಸೂರಿನ ಭಾವ. ಅವರಿಗೆ ಕಚೇರಿಯಲ್ಲಿ ಗುಮಾಸ್ತಿಕೆ. ರೈಲಿಳಿದು ಬಂದವರು ಪೇಟ ತೆಗೆಯುವ ಮುಂಚೆಯೇ ಶುರುಮಾಡಿದರು: "ಏನ್ರೀ ಇದು! ಅಷ್ಟು ದೊಡ್ಡ ಮೈಸೂರಲ್ಲಿ ಇಲ್ಲದಷ್ಟು ಕಳ್ಳರು ನಿಮ್ಮ ಈ ಚಿಕ್ಕ ಊರಲ್ಲಿ! ಅಂಕಿ ಸುಳ್ಳು ಹೇಳುತ್ತಾ? ನನ್ನ ಪೆಟ್ಟಿಗೆಗೆ ಮೊದಲು ಒಂದು ಬೀಗ ಕೊಡಿ."

ಮನೆಯಲ್ಲಿ ಬೀಗ ಇರಲಿಲ್ಲ. ಪಕ್ಕದ ಮನೆಯಲ್ಲೂ ಇರಲಿಲ್ಲ. ಬೀದಿಗೆ ಬೀದಿಯೇ ಹುಡುಕಿದರೂ ಒಂದು ಬೀಗ ಸಿಗಲಿಲ್ಲ! ನಮ್ಮ ಬೀದಿಯಲ್ಲಿ ಬಾಗಿಲು ಹಾಕುತ್ತಿದ್ದುದೇ ದನ ಒಳಗೆ ಬರದಿರಲೆಂದು. ಕೊನೆಗೆ ಯಜಮಾನರು ಠಾಣೆಯ ಲಾಕಪ್ಪಿನ ಬೀಗವನ್ನೇ ಕೇಳಿ ತಂದರು. ಒಳಗಿದ್ದ ಒಬ್ಬನೇ ಒಬ್ಬ ಕೈದಿ, ರಸಬಾಳೆಯ ಗೊನೆ ಕದ್ದವನು, ಬೀಗ ವಾಪಸ್ಸು ಬರುವ ತನಕ ತಾನೇ ಬಾಗಿಲು ಕಾಯುತ್ತ ಜಗಲಿಯಲ್ಲಿ ತೂಕಡಿಸಿದನಂತೆ.

"ಭಾವ, ಮೈಸೂರಲ್ಲಿ ನಿಮ್ಮ ಮನೆ ಬಾಗಿಲಿಗೆ ಅಗುಳಿ, ಚಿಲಕ, ಸರಪಳಿ ಎಲ್ಲಾ ಇದೆಯಲ್ಲ. ಅಲ್ಲಿ ಕಳ್ಳರೇ ಇಲ್ಲದಿದ್ದರೆ ಯಾಕೆ?" ಅಂತ ನಾನು ಕೇಳಿದೆ.

"ಅದು ಅಭ್ಯಾಸಕ್ಕೆ" ಅಂದರು ಭಾವ. ಊಟಕ್ಕೆಂದು ಬಂದಿದ್ದ ಚಿಕ್ಕಪ್ಪ ಕಂಬಕ್ಕೆ ಒರಗಿ ನಗುತ್ತಿದ್ದರು. "ಅಂಕಿ ಸುಳ್ಳು ಹೇಳಲ್ಲ, ಒಪ್ಪಿದೆ. ಆದರೆ ಎಷ್ಟು ಕಳವಾಯ್ತು ಅಂತ ಅದು ಹೇಳಲ್ಲ ಸ್ವಾಮಿ. ನಮ್ಮನ್ನ ನಂಬಿ ಎಷ್ಟು ಜನ ಬಾಯಿಬಿಟ್ಟರು ಅಂತ ಹೇಳುತ್ತೆ" ಅಂದರು. ಆ ಕ್ಷಣದಲ್ಲಿ ನನಗಾದ ಹೆಮ್ಮೆ ಇಷ್ಟಿಷ್ಟಲ್ಲ. ಊಟಕ್ಕೆ ಕೂತಾಗ ನಾನು ಇನ್ನೊಂದು ಹೋಳಿಗೆಯನ್ನು ಅವರ ಎಲೆಗೇ ಹಾಕಿದೆ, ಭಾವನ ಎಲೆಗೆ ಹಾಕಲಿಲ್ಲ.

ಆದರೆ ಊರಿಗೆ ಉರಿ ಹತ್ತಿತು. ದೇವರ ಊರಿಗೆ ಕಳ್ಳರ ಊರೆಂಬ ಹೆಸರು ಬಂತೆಂದು ಊರ ಹಿರಿಯರೆನಿಸಿಕೊಂಡವರೆಲ್ಲ ಸೇರಿ ಅರ್ಜಿ ಬರೆದರು. ಇನ್ಸ್‌ಪೆಕ್ಟರು ಸುಳ್ಳು ದೂರುಗಳನ್ನು ಬರೆದು ಊರಿನ ಮಾನ ತೆಗೆದರು ಅಂತ. ಸುಳ್ಳು ಬರೆದದ್ದು ನಿಜವಾದರೆ ಚಿಕ್ಕಪ್ಪನ ಕೆಲಸವೇ ಹೋಗುತ್ತದೆ. ದೊಡ್ಡ ಸಾಹೇಬರು ಮೈಸೂರಿಂದ ವಿಚಾರಣೆಗೆ ಬರುವುದು ಗೊತ್ತಾಯಿತು. ನಾನು ಒಲೆಯ ಮುಂದೆ ಕೂತು ಅತ್ತರೆ ಅತ್ತೆ ಕಂಬಕ್ಕೆ ಹೇಳಿದರು, "ಇಲ್ದಿದ್ ಕಳ್ಳ್ರ ತಂದ್ರೆ ಇನ್ನೇನಾದದು?"

ವಿಚಾರಣೆಯ ಹಿಂದಿನ ದಿನ ಚಿಕ್ಕಪ್ಪ ಹೊಳೆದಂಡೆಯ ಕಳ್ಳನನ್ನು ಹಿಡಿದರು. ಬರೆದುಕೊಂಡದ್ದರಿಂದಲೇ ಹಿಡಿದರು, ಎಲ್ಲ ಕಳವೂ ಹೊಳೆಯ ಒಂದೇ ಮೆಟ್ಟಿಲಸಾಲಿನಲ್ಲಿ ಆಗುತ್ತಿತ್ತು. ಅಲ್ಲಿ ಕಾದರೆ ಮೈತುಂಬ ವಿಭೂತಿ ಬಳಿದುಕೊಂಡ ಒಬ್ಬ ಸಿಕ್ಕಿದ. ಹೊಳೆಯಾಚೆಯ ಹಾಳು ಮಂಟಪದಲ್ಲಿ ಅವನ ಗೋಣಿಚೀಲಗಳಿದ್ದವು. ಊರು ಇದಕ್ಕೆ ಸಂತೋಷಪಟ್ಟಿತೇ? "ನೋಡ್ದ್ರಾ, ಬರೀ ಮಾತಲ್ಲಿದ್ದ ಕಳ್ಳ ಈಗ ಜೀವಂತ ಬಂದ!" ಅಂತ ಚಿಕ್ಕಪ್ಪನನ್ನೇ ಬೈಯಿತು.

ಅವರು ನಮ್ಮ ಮನೆಗೆ ಊಟಕ್ಕೆ ಬಂದಾಗ ಬಳಲಿದ್ದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಬರಿಗಾಲು ಸವರುತ್ತ ನನಗೆ ಹೇಳಿದರು, "ಚೀಲದ ತುಂಬ ಚೊಂಬು ಕಣಮ್ಮ. ಮತ್ತೆ ಮಕ್ಕಳ ಗೆಜ್ಜೆ. ಮುಡಿ ಕೊಡಿಸೋಕೆ ಬಂದ ತಾಯಂದಿರು ಮಗುವಿನ ಗೆಜ್ಜೆ ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟಿರ್ತಾರೆ, ಅದಕ್ಕೇ ಕಾಯ್ತಾನೆ. ಇವನ ಅಪ್ಪನ ಕಸುಬೂ ಇದೇ ಅಂತೆ, ಅದೇ ಮೆಟ್ಟಿಲು."

ಅಡುಗೆಮನೆಯ ಬಾಗಿಲಲ್ಲಿ ಸೌಟು ಕೆಳಗೆ ಬಿತ್ತು. ಅತ್ತೆ ಕಂಬದ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

"ಅವರ್ನ ಕೇಳವ್ವ. ಅವ್ನ ಅಪ್ಪನೂ ಗೆಜ್ಜೆ ಕದೀತಿದ್ನಾ?"

ನಾನು ಮುಟ್ಟಿಸುವ ಮೊದಲೇ ಚಿಕ್ಕಪ್ಪ "ಹೌದಂತೆ" ಅಂದರು. ಅತ್ತೆ ಎದ್ದು ಹಿತ್ತಲಿಗೆ ಹೋದವರು ಬಡಿಸಲು ಒಳಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಠಾಣೆಯ ಮುಂದೆ ಊರೇ ನೆರೆದಿತ್ತು. ಸಾಹೇಬರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ದೂರು ಬರೆಸಿದ್ದವರು ಊರ ಹಿರಿಯರ ಮುಖ ನೋಡಿ ತಲೆ ತಗ್ಗಿಸಿದರು. "ತೆಪ್ಪಾಯ್ತು ಬುದ್ಧಿ, ಅದು ದೇವ್ರು ತಕ್ಕಂಡಿದ್ದು." ನಮ್ಮ ಕಂಬಳಿಯ ರೈತನೂ ಹಾಗೇ ಅಂದ. ತಮ್ಮದೆನ್ನುವವರೇ ಇಲ್ಲದ ಮೇಲೆ ಮಂಟಪದಲ್ಲಿ ಸಿಕ್ಕಿದ ಚೀಲಗಳು ಯಾವ ಕಳವಿಗೂ ಸಾಕ್ಷಿಯಾಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ, ಏಕೆಂದರೆ ಅಷ್ಟರಲ್ಲಿ ಅತ್ತೆ "ಸೆರಗ ವೊದ್ಕೊ, ಮಗೂನ ಎತ್ಕೊ, ನಡಿ" ಅಂತ ನನ್ನನ್ನು ಹೊರಡಿಸಿಕೊಂಡು ಬಂದಿದ್ದರು. ಅಷ್ಟು ಜನ ಗಂಡಸರ ನಡುವೆ ದಾರಿ ಮಾಡಿಕೊಂಡು ಅವರು ಮೇಜಿನ ಮುಂದೆ ಹೋಗಿ ನಿಂತರು. ಅಲ್ಲಿ ಕಂಬ ಇರಲಿಲ್ಲ.

"ಬೀಗ್ರೇ, ನಂದೊಂದು ದೂರು ಅದೆ. ಬರ್ಕೊಳಿ."

ಚಿಕ್ಕಪ್ಪನೊಡನೆ ಅವರು ನೇರ ಆಡಿದ ಮೊದಲ ಮಾತು ಅದು! ಚಿಕ್ಕಪ್ಪ ಮಣೆ ಹಾಕಿಸಿದರು, ನೀರು ಕೊಟ್ಟರು. ಅತ್ತೆ ಕೂರಲಿಲ್ಲ. "ನನ್ ಮೊದಲ್ನೇ ಮಗಳ ಮುಡಿ ಕೊಡಕ್ಕೆ ವೊಳೆಗೆ ಓಗಿದ್ದೆ. ಗೆಜ್ಜೆ ಬಿಚ್ಚಿ ಮೆಟ್ಲ ಮ್ಯಾಲೆ ಇಟ್ಟಿದ್ದೆ. ನೋಡುದ್ರೆ ಇಲ್ಲ. ಏನೋ ಅರಕೆ ಮರ್ತಿದ್ದೀಯ, ನಂಜುಂಡಪ್ಪ ತಕ್ಕಂಡ ಅಂದ್ರು ಎಲ್ಲ. ಯಾವ ಅರಕೆ ಅಂತ ಎಷ್ಟ್ ಯೋಚ್ನೆ ಮಾಡುದ್ರೂ ನೆಪ್ಪಿಗೆ ಬರ್ನಿಲ್ಲ. ಆ ವರ್ಸವೇ ಜ್ವರ ಬಂದು ಮಗು ಓಯ್ತು. ಮೊದ್ಲು ಗೆಜ್ಜೆ ತಕ್ಕಂಡು ನೆಪ್ಪು ಮಾಡ್ದ, ನಾನು ತಿಳ್ಕಳ್ನಿಲ್ಲ, ಆಮೇಲೆ ಮಗೀನೂ ತಕ್ಕಂಡ ಅಂದ್ಕಂಡಿದ್ದೆ."

ಸಾಹೇಬರು ಮೆಲ್ಲಗೆ, "ಇಷ್ಟು ಹಳೆಯದನ್ನು ಬರೆದರೆ ನಿಮ್ಮ ಲೆಕ್ಕಕ್ಕೆ ಇನ್ನೊಂದು ಕೂಡುತ್ತೆ. ಯೋಚಿಸಿ" ಅಂದರು.

ಚಿಕ್ಕಪ್ಪ ಯೋಚಿಸಲೇ ಇಲ್ಲ! ಕುರ್ಚಿ ಎಳೆದುಕೊಂಡು ಕೂತು ಬರೆದರು. ಗೆಜ್ಜೆ ಬೆಳ್ಳಿಯದೇ, ಅದಕ್ಕೆ ಎಂಥ ಕೊಂಡಿ, ಮಗುವಿನ ಹೆಸರೇನು, ಎಲ್ಲ ಕೇಳಿ ಬರೆದರು. ಎಷ್ಟೋ ವರ್ಷಗಳಾದ ಮೇಲೆ ಅತ್ತೆಯ ಬಾಯಲ್ಲಿ ಆ ಹೆಸರು ಬಂತು. ಬರೆದು ಮುಗಿದ ಮೇಲೆ ಅತ್ತೆ, "ಕದ್ದೋರು ಯಾರು ಅಂತ ಬರ್ದೀರಿ, ಓದಿ" ಅಂದರು.

"ಗುರುತು ಸಿಗದ ಮನುಷ್ಯ."

"ಇನ್ನೊಂದ್ ಸಲ ಓದಿ."

"ಗುರುತು ಸಿಗದ ಮನುಷ್ಯ, ತಾಯಿ. ಯಾರೋ ಮನುಷ್ಯ."

ಅತ್ತೆ ಮೇಜನ್ನು ಹಿಡಿದುಕೊಂಡು ಅತ್ತರು. ಆಮೇಲೆ ಕಂಬಳಿಯ ರೈತ ಮುಂದೆ ಬಂದು, "ನನ್ ಕಂಬ್ಳೀನೂ ಮನ್ಸನೇ ಕದ್ದಿದ್ದು ಬುದ್ಧಿ" ಅಂದ. ಅವನ ಹಿಂದೆ ಮಿಕ್ಕವರೂ ಬಂದರು.

ಚಿಕ್ಕಪ್ಪನ ಕೆಲಸ ಉಳಿಯಿತು. ಆದರೆ ಲೆಕ್ಕ ಹೆಚ್ಚಿಸಿದ ತಪ್ಪಿಗೆ ಅವರನ್ನು ಮತ್ತೆ ನರಸೀಪುರಕ್ಕೇ ಅಟ್ಟಿದರು. ಅವರು ಹೋದ ಮೇಲೆ ನಮ್ಮೂರ ಅಪರಾಧದ ಲೆಕ್ಕ ಇಳಿಯಿತು, ನರಸೀಪುರದ್ದು ಏರಿತು. ಮೈಸೂರಿನ ಭಾವ ನಿಶ್ಚಿಂತೆಯಿಂದ ನಮ್ಮ ಮನೆಗೆ ಬರತೊಡಗಿದರು! ಇವತ್ತಿಗೂ ಯಾರಾದರೂ ಇಂಥ ಊರಲ್ಲಿ ಅಪರಾಧ ಕಡಿಮೆ ಅಂತ ಪತ್ರಿಕೆ ತೋರಿಸಿದರೆ, ಅಲ್ಲಿ ನಮ್ಮ ಚಿಕ್ಕಪ್ಪನಂಥವರು ಯಾರೂ ಇಲ್ಲವೇನೋ ಅಂತ ನಾನು ಯೋಚಿಸುತ್ತೇನೆ.

ವಿಚಾರಣೆಯ ದಿನ ಠಾಣೆಯಿಂದ ಹೊರಟ ನಾವು ನೇರ ಮನೆಗೆ ಹೋಗಲಿಲ್ಲ. ಅತ್ತೆ ಗುಡಿಯ ಕಡೆ ತಿರುಗಿದರು. ಮಹಾದ್ವಾರದ ಮುಂದೆ ಎಂದಿನಂತೆ ನಿಂತರು, ಸೆರಗಿನಿಂದ ಮುಖ ಒರೆಸಿಕೊಂಡರು, ಹೊಸ್ತಿಲು ದಾಟಿ ಒಳಗೆ ಹೋದರು. ಮಂಡಿನೋವು ಇರಲೇ ಇಲ್ಲ ಅಂತ ನನಗೆ ಆಗ ಗೊತ್ತಾಯಿತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ನನ್ನ ಸೊಂಟದ ಮೇಲಿದ್ದ ಮಗಳನ್ನು ತಾವು ಎತ್ತಿಕೊಂಡು ಕೇಳಿದರು.

"ಬೀಗ್ರು ತಂದಿದ್ದ ಗೆಜ್ಜೆ ಎಲ್ಲಿಟ್ಟಿದ್ದೀಯವ್ವ?"

"ಪೆಟ್ಟಿಗೇಲಿದೆ ಅತ್ತೆ."

"ತಗಿ. ನಾನೇ ಆಕ್ತೀನಿ."